ಗ್ರೀಸಿಗೆ ಹೋದ ಭಾನುವಾರ

ಎಂಬತ್ತರ ದಶಕದ ನಡುವಿನ ಮಾತು. ಚೆಂಬೂರಿನ ಒಂದು ಬಿಲ್ಡಿಂಗಿನ ನೆಲಮಹಡಿಯಲ್ಲಿ ನಮ್ಮ ಮನೆ. ನಮ್ಮ ಯಜಮಾನರಿಗೆ ಘಾಟಿನಲ್ಲಿ ವಿದ್ಯುತ್ ಲೈನು ಎಳೆಯುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ತಿಂಗಳಿಗೊಮ್ಮೆ ಕಂಪನಿ ಜೀಪಿನಲ್ಲಿ ಇಳಿದು ಬಂದು, ಶನಿವಾರ ಆಫೀಸು ಮುಗಿಸಿ, ಭಾನುವಾರ ಮನೆಯಲ್ಲಿದ್ದು, ಸೋಮವಾರ ಬೆಳಕು ಹರಿಯುವ ಮೊದಲೇ ಹೊರಡುವರು. ಮಿಕ್ಕ ದಿನವೆಲ್ಲ ನಾನು ಮತ್ತು ದೇವರ ಗೂಡು. ಮಕ್ಕಳನ್ನು ಭಗವಂತ ಇನ್ನೂ ಕೊಟ್ಟಿರಲಿಲ್ಲ. ಅಕ್ಕಪಕ್ಕದವರು ಒಳ್ಳೆಯವರೇ, ಆದರೆ ನನ್ನ ಮರಾಠಿ ತರಕಾರಿಯವಳ ಹತ್ತಿರ ಮುಗಿದುಹೋಗುತ್ತಿತ್ತು. ಮನಸ್ಸಿನ ಮಾತೆಲ್ಲ ಆ ಒಂದು ಭಾನುವಾರಕ್ಕೆ ಕಾಯುತ್ತಿತ್ತು.

ಆ ಸಲ ನಮ್ಮ ಕಡೆಯವರು ಹೆಚ್ಚಿರುವ ಮಾಟುಂಗಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದರು. ದೇವಸ್ಥಾನ, ಹೋಟೆಲಿನಲ್ಲಿ ತಿಂಡಿ, ಮಧ್ಯಾಹ್ನ ಕನ್ನಡ ಸಂಘದಲ್ಲಿ ಹರಿಕಥೆ. ನಾನು ಸ್ನಾನ ಮಾಡಿ ರೇಷ್ಮೆ ಸೀರೆ ಉಟ್ಟು ಪೂಜೆ ಮುಗಿಸುವ ಹೊತ್ತಿಗೆ ಡ್ರೈವರು ಜೀಪನ್ನು ಕಾಂಪೌಂಡಿಗೆ ತಂದು ನಿಲ್ಲಿಸಿದ್ದ. ವಿಜಾಪುರದ ಕಡೆಯವನು. ಮುಂದಿನ ಚಕ್ರಗಳಿಗೆ ಗ್ರೀಸು ತುಂಬುವುದು, ಒಂದು ಗಂಟೆಯ ಕೆಲಸ ಅಂದಿದ್ದರು ಇವರು.

ಮುಂದಿನ ಚಕ್ರಗಳಿಗೂ ಎಂಜಿನ್ನಿನ ಎಳೆತ ಹೋಗುವ ಜೀಪು ಅದು. ಮುಂದಿನ ಆಕ್ಸಲ್‌ನ ಎರಡು ತುದಿಗೂ ಚೆಂಡಿನಂಥ ಕಬ್ಬಿಣದ ಗೂಡು, ಅದರೊಳಗೆ ತಿರುಗುವ ಕೀಲು, ಆಚೆಗೆ ಚಕ್ರದ ಬೇರಿಂಗು. ಎಲ್ಲಕ್ಕೂ ಗ್ರೀಸು ಬೇಕು. ಎಡಗಡೆಯ ಚಕ್ರ ಬಿಚ್ಚಿದಾಗ ಗ್ರೀಸು ಬೆಣ್ಣೆಯಂತಿರುವ ಬದಲು ತೆಳ್ಳನೆಯ ಅಂಬಲಿಯಾಗಿತ್ತು. ಅದನ್ನು ಒಳಗೇ ತಡೆಯಬೇಕಾದ ಸೀಲು ದಾಟಿ ಬ್ರೇಕಿನ ತನಕ ಹರಿದಿತ್ತು.

“ಏನೋ ಇದು?” ಅಂದರು ಇವರು.

“ಸೈಟಿನ್ಯಾಗ ಚಕ್ರ ಸಪ್ಪಳ ಮಾಡ್ತಿತ್ತ್ರೀ ಸಾಹೇಬ್ರ. ಒಳಗ ಹಳದಿ ಗ್ರೀಸು ಇತ್ತು, ಕೈಗೆ ಕರೀದು ಸಿಕ್ತು. ಅದನ್ನ ಮ್ಯಾಲೆ ತುಂಬಿದೆ. ಗ್ರೀಸಿಗೇನು ಮಡಿ ಮೈಲಿಗಿ ಐತೇನ್ರಿ?”

“ಇದೆ ಕಣಪ್ಪ. ನಿಮ್ಮಕ್ಕನ ಅಡುಗೆಮನೆಗಿಂತ ಜಾಸ್ತಿ ಇದೆ.”

ಅವನ ಬಾಯಲ್ಲಿ ಅಕ್ಕ ಅಂದರೆ ನಾನೇ; ಬಾಗಿಲಲ್ಲಿ ನಿಂತಿದ್ದ ನನಗೂ ನಗು ಬಂತು. ಎರಡೂ ಒಳ್ಳೆಯ ಗ್ರೀಸೇ, ಆದರೆ ಎಣ್ಣೆಗೆ ಬೇರೆ ಬೇರೆ ಜಾತಿಯ ಸಾಬೂನು ಬೆರೆಸಿ ಗಟ್ಟಿ ಮಾಡಿದವು, ಒಂದರ ಜೊತೆ ಒಂದು ಸೇರಿ ಬಿಸಿಯಾದರೆ ಎರಡರ ಗಟ್ಟಿತನವೂ ಹೋಗುತ್ತದೆ ಎಂದು ಇವರು ನನಗೆ ಹೇಳಿದರು. ನನಗೆ ಅದು ಹೊಸದಾಗಿ ಕೇಳಿಸಲಿಲ್ಲ. ನಾನು ದೀಪಕ್ಕೆ ಎಳ್ಳೆಣ್ಣೆ ಹಾಕಿದ ಮೇಲೆ ತೆಂಗಿನೆಣ್ಣೆ ಸುರಿದವಳಲ್ಲ.

ಹಳೆಯದನ್ನೆಲ್ಲ ಬಳಿದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಂದೇ ಜಾತಿಯ ಗ್ರೀಸು ತುಂಬಬೇಕು. ಎಡಗಡೆ ಮುಗಿಯುವಾಗ ಬಿಸಿಲು ಕಾಂಪೌಂಡಿನ ನಡುವೆ ಬಂದಿತ್ತು.

“ಬಲಗಡೇದು?” ಇವರು ಕೇಳಿದರು.

“ಅದನ್ನ ಮುಟ್ಟಿಲ್ರಿ.” ಡ್ರೈವರು ತಲೆ ಕೆರೆದುಕೊಂಡ. “ಮುಟ್ಟಿದ್ನೋ ಏನೋ, ನೆನಪಿಲ್ರಿ.”

ಇವರು ಗಡಿಯಾರ ನೋಡಿ, ನನ್ನ ಸೀರೆ ನೋಡಿದರು. “ನೀನೇ ಹೇಳು. ಈಗ ಕೈ ತೊಳೆದ್ರೆ ಹರಿಕಥೆಗಾದ್ರೂ ಹೋಗಬಹುದು. ಬಲಗಡೆ ಸರಿಯಾಗೇ ಇರಬಹುದು ಕಣೇ.”

ಆ ‘ಇರಬಹುದು’ ನನಗೆ ಸೇರಲಿಲ್ಲ. ಘಾಟಿನ ಇಳಿಜಾರನ್ನು ನಾನು ನೋಡಿದವಳಲ್ಲ, ಇವರ ಬಾಯಲ್ಲಿ ಕೇಳಿದ್ದೆ ಅಷ್ಟೇ. ಒಂದು ಕಡೆ ಬ್ರೇಕು ಹಿಡಿದು ಇನ್ನೊಂದು ಕಡೆ ಜಾರಿದರೆ ಜೀಪು ಯಾವ ಕಡೆಗೆ ಎಳೆಯುತ್ತದೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಒಮ್ಮೆ ನನ್ನ ರೇಷ್ಮೆ ಸೆರಗನ್ನು ನೋಡಿಕೊಂಡೆ. ತಿಂಗಳೆಲ್ಲ ಕಾದಿದ್ದೆನಲ್ಲ.

“ಬಿಚ್ಚಿರಿ,” ಅಂದೆ.

ಒಳಗೆ ಹೋಗಿ ಹಳೆಯ ನೂಲಿನ ಸೀರೆ ಉಟ್ಟು, ಸ್ಟವ್ವಿಗೆ ಇಟ್ಟಿದ್ದ ರೇಷನ್ ಸೀಮೆಎಣ್ಣೆಯ ಡಬ್ಬವನ್ನೇ ತಂದು ಇಟ್ಟೆ. ಮೇಲಿನ ಮನೆಯ ಮರಾಠಿಯಾಕೆ ಗ್ಯಾಲರಿಯಿಂದ ಬಗ್ಗಿ, “ಕಾಯ್ ವಹಿನಿ, ಗ್ಯಾರೇಜ್ ಉಘಡ್ಲಂ ಕಾ?” ಎಂದು ನಕ್ಕಳು. ಏನತ್ತಿಗೆ, ಗ್ಯಾರೇಜು ತೆರೆದೆಯಾ ಅಂತ. ಹೌದೆಂದು ತಲೆಯಾಡಿಸಿದೆ.

ಬಲಗಡೆಯದೂ ಅಂಬಲಿಯೇ ಆಗಿತ್ತು. ಡ್ರೈವರು ಮೆಲ್ಲಗೆ, “ಅಕ್ಕಾರ ಬಾಯಾಗ ದೇವರ ಬಂದು ನುಡಿದಾನ್ರಿ,” ಅಂದ. ನಾನು ಮನಸ್ಸಿನಲ್ಲೇ ಕೈಮುಗಿದೆ.

ಸಂಜೆಯವರೆಗೂ ನಾನು ಬೇರಿಂಗು ತೊಳೆದು ಒಣಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದೆ, ಇವರು ಅಂಗೈಯಲ್ಲಿ ಗ್ರೀಸಿನ ಉಂಡೆ ಇಟ್ಟುಕೊಂಡು ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ ತುಂಬುತ್ತಿದ್ದರು. ಪಕ್ಕದಲ್ಲೇ ಕುಳಿತಿದ್ದೆವು. ಕೂಡಿಟ್ಟ ಮಾತುಗಳಲ್ಲಿ ಒಂದಾದರೂ ಹೊರಬರಲಿಲ್ಲ. “ಬಟ್ಟೆ ಕೊಡು”, “ಇದರಲ್ಲಿ ಮರಳಿದೆ, ಇನ್ನೊಮ್ಮೆ ತೊಳಿ”, ಇಷ್ಟೇ. ಆಮೇಲೆ ಇವರು ಸ್ನಾನ ಮಾಡಿ, ನಾನು ಅನ್ನ ಬಡಿಸುವುದರೊಳಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಎಬ್ಬಿಸಿ ಉಣ್ಣಿಸಿದೆ. ಬೆಳಗ್ಗೆ ಜೀಪು ಹೊರಟುಹೋಯಿತು.

ಮುಂದಿನ ಭಾನುವಾರ ನಾನೊಬ್ಬಳೇ ಲೋಕಲ್ ಹತ್ತಿ, ಕುರ್ಲಾದಲ್ಲಿ ಗಾಡಿ ಬದಲಿಸಿ ಮಾಟುಂಗಕ್ಕೆ ಹೋದೆ. ಘಾಟಿನಿಂದ ಕೆಟ್ಟ ಸುದ್ದಿ ಏನೂ ಬಂದಿರಲಿಲ್ಲ, ಅದಕ್ಕೆ ದೇವರಿಗೆ ತೆಂಗಿನಕಾಯಿ ಒಡೆಸಿದೆ. ಹೊರಗೆ ಬಂದ ಮೇಲೆ, ಬಲಗಡೆಯದನ್ನೂ ಬಿಚ್ಚಿರಿ ಅಂದದ್ದು ನಾನೇ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಗುರುತಿನ ಮುಖವೇ ಇರಲಿಲ್ಲ. ಹೋಟೆಲಿನಲ್ಲಿ ಫ್ಯಾಮಿಲಿಯವರಿಗೆಂದು ಇಟ್ಟಿದ್ದ ಮೂಲೆಯ ಮೇಜಿಗೆ ಕುಳಿತೆ. ಉಡುಪಿ ಕಡೆಯ ಮಾಣಿ ಬಂದು, “ಯಜಮಾನ್ರು ಬರ್ಲಿಕ್ಕುಂಟಾ ಅಮ್ಮ?” ಎಂದ.

“ಬರ್ತಾರೆ,” ಅಂದೆ. ಯಾವತ್ತು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವನು ಎರಡು ಲೋಟ ನೀರು ತಂದಿಟ್ಟು ಹೋದ. ಒಂದನ್ನು ತೆಗಿ ಎಂದು ಹೇಳಲು ಮನಸ್ಸಾಗಲಿಲ್ಲ.