ಬಾವಿಯ ಪಕ್ಕದ ರೈಲು ಕಲ್ಲು

ಚಾಮರಾಜನಗರದಲ್ಲಿ ಹಳಿ ಮುಗಿಯುತ್ತದೆ. ನನ್ನ ಕಾಲದಲ್ಲಿ ಸ್ಟೇಷನ್ ದಾಟಿ ಸ್ವಲ್ಪ ದೂರ ನಡೆದರೆ ಒಂದು ಮಣ್ಣಿನ ದಿಬ್ಬ ಇತ್ತು. ಅದರ ಮುಂದೆ ಅಡ್ಡಲಾಗಿ ಒಂದು ಮರದ ದಿಮ್ಮಿ. ಆಚೆ ಬರೀ ಮುಳ್ಳುಗಿಡ ಮತ್ತು ಹೊಲ. ಅಲ್ಲಿನ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತ ಒಂಬತ್ತು ವರ್ಷವೂ ನಾನು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು ಆ ದಿಮ್ಮಿಯ ಮೇಲೆ.

"ಇದು ಇಲ್ಲಿಗೇ ನಿಲ್ಲಾಕಿಲ್ಲ ಕಣ್ಲಾ," ಎನ್ನುತ್ತಿದ್ದ ನಮ್ಮ ಗುಂಪಿನ ಹಿರಿಯ ಹಮಾಲಿ. "ನಮ್ಮಪ್ಪನ ಕಾಲ್ದಿಂದ್ಲೂ ಮುಂದಕ್ಕೋಯ್ತದೆ ಅಂತಾವ್ರೆ. ಘಾಟಿ ಇಳ್ದು ಸತ್ಯಮಂಗಲಕ್ಕೆ."

"ಯಾವಾಗ ಓಗದು?"

"ನೀನು ಉಂಡು ಎದ್ರೆ ಓಯ್ತದೆ. ದಿಮ್ಮಿ ಮ್ಯಾಲೆ ಕುಂತಿದ್ದೀಯಲ್ಲ."

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಭೂಪಟ ನೋಡಿ ಊರು ಗುರುತಿಸಲು ಬರುವುದಿಲ್ಲ. ಆದರೆ ಆ ದಾರಿ ನನಗೆ ಗೊತ್ತು. ಮೈಸೂರಿನಿಂದ ಹೊರಟ ಚಿಕ್ಕ ಹಳಿಯ ಗೂಡ್ಸು ಕಪಿಲೆಯ ಸೇತುವೆ ದಾಟಿ ನಂಜನಗೂಡಿಗೆ, ಅಲ್ಲಿಂದ ಕವಲಂದೆಗೆ, ಬದನಗುಪ್ಪೆಗೆ, ಕೊನೆಗೆ ನಮ್ಮ ಶೆಡ್ಡಿಗೆ ಬರುತ್ತಿತ್ತು. ಬರುವಾಗ ಗೊಬ್ಬರ, ಉಪ್ಪು. ಹೋಗುವಾಗ ಬೆಲ್ಲ, ಕಡಲೆಕಾಯಿ, ಕೆಲವು ದಿನ ಕರಿಕಲ್ಲು. ಉಪ್ಪಿನ ದಿನ ಹೆಗಲು ಉರಿಯುತ್ತಿತ್ತು, ಬೆಲ್ಲದ ದಿನ ಬೆನ್ನ ತುಂಬ ಇರುವೆ. ಆ ದಾರಿಯನ್ನು ನಾನು ನೋಡಿದ್ದಕ್ಕಿಂತ ಹೊತ್ತದ್ದೇ ಹೆಚ್ಚು.

ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಶೆಡ್ಡಿನ ನೆರಳಿಗೆ ಬರುತ್ತಿದ್ದರು. ಅವರಿಂದ ಒಂದು ವಿದ್ಯೆ ಕಲಿತೆ. ಹಳಿ ತಿರುಗುವ ಕಡೆ ಇಬ್ಬರು ದಾರದ ಎರಡು ತುದಿ ಹಿಡಿದು ಹಳಿಗೆ ಒತ್ತುತ್ತಾರೆ. ಮೂರನೆಯವನು ನಡುವೆ ದಾರಕ್ಕೂ ಹಳಿಗೂ ಎಷ್ಟು ಬೆರಳು ಸಂದು ಇದೆ ಎಂದು ನೋಡುತ್ತಾನೆ. ಆ ಸಂದು ಎಲ್ಲ ಕಡೆ ಒಂದೇ ಸಮ ಇದ್ದರೆ ತಿರುವು ಸರಿಯಾಗಿದೆ ಎಂದು ಅರ್ಥ. "ರೈಲು ಎತ್ತಿನ ಗಾಡಿ ಅಲ್ಲ ಕಣಪ್ಪ, ಗಬಕ್ನೆ ತಿರುಗ್ಸಕೆ," ಎಂದು ಒಬ್ಬ ಗ್ಯಾಂಗ್‌ಮನ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅವನು ಕಲಿಸಿದ್ದನ್ನು ನಾನು ಜೀವಮಾನದಲ್ಲಿ ಒಂದೇ ಸಲ ಬಳಸಿದೆ. ಬಳಸಿದ್ದು ನನ್ನ ಅಕ್ಕನ ಮೇಲೆ.

ಆಮೇಲೆ ಚಿಕ್ಕ ಹಳಿ ಕಿತ್ತು ದೊಡ್ಡ ಹಳಿ ಹಾಕಲು ರೈಲು ನಿಲ್ಲಿಸಿದರು. ಹಳಿ ಮುಗಿದು ರೈಲು ಮತ್ತೆ ಬರುವ ಹೊತ್ತಿಗೆ ನಮ್ಮ ಮೂಟೆಗಳೆಲ್ಲ ಲಾರಿ ಹತ್ತಿದ್ದವು. ನಾನು ಮೂಟೆ ಎತ್ತುವ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿಗೆ ಬಂದೆ. ನಮ್ಮೂರು ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಅಪ್ಪ ಬಿಟ್ಟು ಹೋದ ನಾಲ್ಕು ಎಕರೆ, ಅದರಲ್ಲಿ ಅವರೇ ತೋಡಿಸಿದ ಬಾವಿ ನನ್ನ ಪಾಲು. ಪಕ್ಕದ ಎರಡು ಎಕರೆಯನ್ನು ಅರಿಸಿನ ಕುಂಕುಮಕ್ಕೆ ಎಂದು ಅಕ್ಕನಿಗೆ ಕೊಟ್ಟಿದ್ದರು. ಅಕ್ಕನನ್ನು ಕುದೇರಿಗೆ ಕೊಟ್ಟಿದ್ದೆವು.

ಬಾವ ಮೆತ್ತಗಿನ ಮನುಷ್ಯ, ತೆಂಗಿನ ಹುಚ್ಚು. ಆ ಎರಡು ಎಕರೆಯಲ್ಲಿ ಬೋರು ಕೊರೆಸಿ, ತೆಂಗು ಇಟ್ಟು, ಮೂಲೆಯಲ್ಲಿ ಒಂದು ಮನೆ ಕಟ್ಟಿ ಇಲ್ಲೇ ಬಂದಿರಬೇಕೆಂದು ಅವರ ಆಸೆ. ಕುದೇರಿನ ಹಿತ್ತಲಿನಲ್ಲಿ ಹದಿನೆಂಟು ಸಸಿ ಮಾಡಿಕೊಂಡಿದ್ದರು. ಹೋದಾಗಲೆಲ್ಲ ನನ್ನನ್ನು ಕರೆದುಕೊಂಡು ಹೋಗಿ ತೋರಿಸುವರು. ಶೆಡ್ಡಿನಲ್ಲಿ ದುಡಿದವನೆಂದು ನನ್ನನ್ನು ಗೂಡ್ಸು ಎಂದೇ ಕರೆಯುವರು.

"ನೋಡಪ್ಪ ಗೂಡ್ಸು, ಇವಾ ನಿಂಗೇ ಹೊರ್ಸದು. ಲಾರಿಗೆ ಹಾಕಾಕಿಲ್ಲ."

"ಹೊರೋದೇನು ಬಾವ, ನೀರು ಹಾಕೋರು ನೀವು."

"ನೀರು ನಿನ್ ಬಾವೀದು. ಬೋರು ಬರಗಂಟ ಕೊಡ್ದೆ ಇದ್ದೀಯಾ?"

ಅಕ್ಕ ಒಳಗಿನಿಂದ ಕೂಗುವಳು, "ಕೊಡ್ತಾನೆ ಬುಡಿ. ನನ್ ತಮ್ಮ ಅವ್ನು."

ಮಳೆ ಹಿಡಿಯಲಿ, ಸಸಿ ತರೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ನಮ್ಮೂರಿಗೆ ರೈಲಿನ ಸರ್ವೇಯವರು ಬಂದರು. ನಂಜನಗೂಡಿನಿಂದ ಗುಂಡ್ಲುಪೇಟೆಗೆ, ಅಲ್ಲಿಂದ ಮದ್ದೂರು ಕಾಡು ಹಾದು ಕೇರಳಕ್ಕೆ ಗೂಡ್ಸು ಓಡುತ್ತದೆ, ತರಕಾರಿಗೆ ಲಾರಿಯೇ ಬೇಡ ಎಂದು ಸುದ್ದಿ. ಒಂದು ಜೀಪು, ನಾಲ್ಕು ಜನ. ಅವರಲ್ಲಿ ದೊಡ್ಡವರು ಮಲಯಾಳದವರು. ನಾನು ರೈಲಿನ ಕಡೆ ಇದ್ದವನೆಂದು ಹೇಳಿಕೊಂಡದ್ದಕ್ಕೆ ಕಲ್ಲು ಹೊರುವ ಕೆಲಸ ಸಿಕ್ಕಿತು. ಮೊಣಕಾಲುದ್ದದ ಸಿಮೆಂಟಿನ ಕಲ್ಲುಗಳು, ತಲೆಗೆ ಸುಣ್ಣ, ಮೈಗೆ ಕೆಂಪು ನಂಬರು. ಅವರು ಕಾಲಿನ ತುದಿಯಿಂದ ನೆಲ ತೋರಿಸಿ "ಇವಿಡೆ" ಅನ್ನುವರು. ನಾನು ಅಲ್ಲಿ ಗುಂಡಿ ತೆಗೆದು ನಿಲ್ಲಿಸುವೆ.

ಮೂರನೇ ದಿನ ಅವರು ಕಾಲಿನಿಂದ ತೋರಿಸಿದ ಜಾಗದಿಂದ ನಮ್ಮ ಬಾವಿಯ ಕಟ್ಟೆ ಎರಡು ಮಾರು ದೂರದಲ್ಲಿತ್ತು. ನಾನು ಗುದ್ದಲಿ ಎತ್ತಲಿಲ್ಲ. "ಇವಿಡೆ," ಎಂದರು ಮತ್ತೊಮ್ಮೆ. ನನ್ನ ಕೈಯಿಂದಲೇ ಆ ಕಲ್ಲು ನೆಟ್ಟೆ. ಹೊಲದ ಉದ್ದಕ್ಕೆ ಒಟ್ಟು ಐದು ಕಲ್ಲು. ಅಕ್ಕನ ಜಮೀನಿಗೆ ಒಂದೂ ಬೀಳಲಿಲ್ಲ.

ಒಂದು ವಾರ ನನಗೆ ಊಟ ಸೇರಲಿಲ್ಲ. ಆ ಬಾವಿಯ ಕಲ್ಲುಗಳನ್ನು ಅಪ್ಪ ಎತ್ತಿನ ಗಾಡಿಯಲ್ಲಿ ತಂದಿದ್ದರು. ಅದು ಹೋದರೆ ನಾನು ಮತ್ತೆ ಮೂಟೆಗೆ ಹೋಗಬೇಕು, ಶೆಡ್ಡಿನಲ್ಲಿ ಮೂಟೆಯೇ ಇಲ್ಲ. ಅಕ್ಕನಿಗೆ ಕುದೇರಿನಲ್ಲಿ ಮನೆ ಇದೆ, ಗಂಡನಿದ್ದಾನೆ ಎಂದು ಲೆಕ್ಕ ಹಾಕಿದೆ. ನನಗೆ ಬೇಕಾದ ಹಾಗೆ ಹಾಕಿದ ಲೆಕ್ಕ ಅದು.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಬಸವನಿಗೆ ಬಿಡುವು. ಹೊಲದ ಕಡೆ ನರಪಿಳ್ಳೆ ಇರುವುದಿಲ್ಲ. ಅಂಥ ಒಂದು ಸೋಮವಾರ, ನೆತ್ತಿಯ ಮೇಲೆ ಬಿಸಿಲು ಇರುವಾಗ, ನಾನು ಐದು ಕಲ್ಲನ್ನೂ ಕಿತ್ತೆ. ಒಂದನ್ನು ಮಾತ್ರ ಸರಿಸಿದರೆ ನೋಡಿದವರಿಗೆ ತಿಳಿಯುತ್ತದೆ, ರೈಲು ಗಬಕ್ಕನೆ ತಿರುಗುವುದಿಲ್ಲ. ಅದಕ್ಕೇ ಗ್ಯಾಂಗಿನವರ ದಾರದ ವಿದ್ಯೆ. ಎರಡು ಗೂಟಗಳ ನಡುವೆ ಹಗ್ಗ ಕಟ್ಟಿ, ಬೆರಳು ಇಟ್ಟು ಅಳೆದು, ಮೊದಲನೆಯದನ್ನು ಇಷ್ಟು, ಎರಡನೆಯದನ್ನು ಇನ್ನಷ್ಟು ಎಂದು ಸರಿಸುತ್ತಾ ಹೋದೆ. ನಡುವಿನ ಮೂರು ಕಲ್ಲು ಅಕ್ಕನ ಹೊಲದ ಒಳಗೆ ಬಂದವು. ಒಳ್ಳೆಯ ತಿರುವು. ಹಳೆಯ ಗುಂಡಿಗಳನ್ನು ಮುಚ್ಚಿ ಮೇಲೆ ಸೊಪ್ಪು ಹರಡಿದೆ. ಕೈತೊಳೆದುಕೊಳ್ಳಲು ಬಾವಿಗೆ ಹೋದಾಗ ಕೆಲಸ ಅಚ್ಚುಕಟ್ಟಾಯಿತು ಎಂದು ಸಮಾಧಾನವೂ ಆಯಿತು. ಅದನ್ನು ಬರೆಯಲು ಈಗ ನಾಚಿಕೆ.

ತಿಂಗಳೊಪ್ಪತ್ತಿಗೆ ಅಕ್ಕ, ಬಾವ ಸಸಿ ಇಡುವ ಜಾಗ ನೋಡಲು ಬಂದರು. ಕಲ್ಲು ಕಂಡು ಬಾವ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ನಂಬರಿನ ಮೇಲೆ ಬೆರಳಾಡಿಸಿದರು.

"ನಮ್ಮದ್ರಲ್ಲೇ ಬಂತಲ್ಲೇ," ಎಂದರು ಅಕ್ಕನಿಗೆ.

"ತಮ್ಮಂದು ಉಳೀತಲ್ಲ, ಬುಡಿ," ಎಂದಳು ಅಕ್ಕ. "ಬಾವಿ ಓಗಿದ್ರೆ ಅವ್ನ ಗತಿ ಏನು?"

ನಾನು ಆಗಲೇ ಹೇಳಬಹುದಿತ್ತು. ಬಾಯಿ ತೆಗೆದೆ ಕೂಡ. "ಮಜ್ಜಿಗೆ ಕುಡೀರಿ ಬಾವ," ಎಂದೆ.

ರೈಲು ಬರುವ ಜಾಗದಲ್ಲಿ ತೆಂಗು ಇಡುವವರು ಯಾರು? ಬೋರೂ ನಿಂತಿತು, ಮನೆಯೂ ನಿಂತಿತು. ಹದಿನೆಂಟು ಸಸಿಗಳನ್ನು ಬಾವ ಕುದೇರಿನ ನೆರೆಹೊರೆಗೆ ಹಂಚಿದರು. ಆ ಹೊಲ ಸುಮ್ಮನೆ ಬೀಳು ಬೀಳುತ್ತದೆ ಎಂದು ನಾನೇ ಅಕ್ಕನನ್ನು ಕೇಳಿ ಹುರುಳಿ ಚೆಲ್ಲಿದೆ. ವರ್ಷಕ್ಕೊಂದು ಚೀಲ ಹುರುಳಿ ಕುದೇರಿಗೆ ಹೊತ್ತುಕೊಂಡು ಹೋಗಿ ಹಾಕುತ್ತಿದ್ದೆ. ಅಕ್ಕ ಬೀದಿಯವರಿಗೆಲ್ಲ ಅದನ್ನು ಬೊಗಸೆಯಲ್ಲಿ ಹಂಚುವಳು. "ರೈಲು ತಿನ್ನೋ ಹೊಲ್ದಲ್ಲೂ ನನ್ ತಮ್ಮ ನಂಗೆ ಬೆಳ್ದು ತತ್ತಾನೆ," ಎನ್ನುವಳು. ನಾನು ಜಗುಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರೆ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಬಾವ ಕೊಟ್ಟ ಸಸಿಗಳು ನೆರೆಯ ಹಿತ್ತಲುಗಳಲ್ಲಿ ಮರವಾಗಿ ಕಾಯಿ ಬಿಟ್ಟವು. ಯಾರಾದರೂ ಎಳನೀರು ಕೊಚ್ಚಿ ಕೊಡಲು ಬಂದರೆ ನನಗೆ ಶೀತ ಎಂದು ಸುಳ್ಳು ಹೇಳಿ ಒಂದು ದಿನವೂ ಕುಡಿಯಲಿಲ್ಲ.

ಕೆಲವು ವರ್ಷವಾದ ಮೇಲೆ ಬೇರೆ ಸರ್ವೇಯವರು ಬಂದರು. ಅವರ ಬಳಿ ಮೂರು ಕಾಲಿನ ಮೇಲೆ ನಿಲ್ಲಿಸುವ ಯಂತ್ರ ಇತ್ತು. ನಮ್ಮ ಕಲ್ಲುಗಳನ್ನು ತಿರುಗಿಯೂ ನೋಡಲಿಲ್ಲ, ಕೆರೆಯ ಆಚೆ ಬದಿಯಲ್ಲಿ ಅಳೆದುಕೊಂಡು ಹೋದರು. ನಾನು ಹಿಂದೆ ಹೋಗಿ, ಹಳೇ ಕಲ್ಲು ಬೇಡವೇ ಎಂದು ಕೇಳಿದೆ. "ಅದ್ಯಾವ್ದು?" ಎಂದು ಅವರು ನನ್ನನ್ನೇ ಕೇಳಿದರು. ನಾನು ಬೆರಳು ಇಟ್ಟು ಅಳೆದದ್ದು ಯಾವ ಕಾಗದದಲ್ಲೂ ಇರಲಿಲ್ಲ. ಆಮೇಲೆ ಅವರೂ ಬರಲಿಲ್ಲ, ರೈಲೂ ಬರಲಿಲ್ಲ.

ಅಂದು ಸಂಜೆಯೇ ಕುದೇರಿನ ಬಸ್ಸು ಹತ್ತಿ, ಅಕ್ಕಾ ಆ ಕಲ್ಲಿಗೆ ಅರ್ಥವಿಲ್ಲ, ತೆಂಗು ಇಡಿ ಎಂದು ಹೇಳಬಹುದಿತ್ತು. ನನ್ನ ಕಳ್ಳತನ ಹೇಳದೆಯೇ ಹೇಳಬಹುದಿತ್ತು. ಬಾವ ಗಟ್ಟಿಮುಟ್ಟಾಗಿದ್ದರು. ಕಲ್ಲು ಸರಿಸಿದ್ದಕ್ಕೆ ಹೆದರಿಕೆ ಕಾರಣ ಎಂದಾದರೂ ಹೇಳಿಕೊಳ್ಳುತ್ತೇನೆ. ಅಂದು ಬಸ್ಸು ಹತ್ತದಿದ್ದದ್ದಕ್ಕೆ ಕಾರಣ ಹುರುಳಿ. ಎರಡು ಎಕರೆ ರೂಢಿಯಾಗಿಬಿಟ್ಟಿತ್ತು.

ಬಾವ ಮೂರು ವರ್ಷದ ಹಿಂದೆ ಶಿವೈಕ್ಯರಾದರು. ಆಮೇಲೆ ಮೊರದ ಬಾಗಿನ ನಿಂತರೂ ಗೌರಿ ಹಬ್ಬದ ದಿನ ಅಕ್ಕನಿಗೊಂದು ಸೀರೆ ತೆಗೆದುಕೊಂಡು ಹೋಗುವುದನ್ನು ಬಿಟ್ಟಿಲ್ಲ. ಹೋದ ವರ್ಷ ಹಾಗೆ ಹೋದಾಗ ಅಕ್ಕ ಹೇಳಿದಳು, "ಆ ಹೊಲ ನಿನ್ ಹೆಸ್ರಿಗೆ ಬರ್ದ್ಬುಡ್ತೀನಿ ಕಣ್ಲಾ. ನನ್ ಮಗಳೂ ಒಪ್ಪವ್ಳೆ. ರೈಲು ಓಡಾಡೋ ಜಾಗ ಕಟ್ಕಂಡು ನಾನೇನು ಮಾಡ್ಲಿ?"

ಬೇಡ ಎಂದೆ. ಜೋರಾಗಿ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಗುಂಡ್ಲುಪೇಟೆಯ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಹೊರಗೆ ಪತ್ರ ಬರೆಯುವವರು ಅಕ್ಕನನ್ನು ಚೆಕ್ಕುಬಂದಿ ಕೇಳಿದರು, ಹೊಲದ ನಾಲ್ಕು ಕಡೆ ಏನೇನಿದೆ ಎಂದು.

"ಮೂಡ್ಲಿಗೆ ತಮ್ಮನ್ ಹೊಲ. ತೆಂಕ್ಲಿಗೆ ಹಳ್ಳ. ಪಡುವ್ಲಿಗೆ ಗಾಡಿ ದಾರಿ. ಬಡಗ್ಲಿಗೆ ದೊಡ್ಡಪ್ಪನ ಮಕ್ಳುದು. ನಡೂಕೆ ರೈಲು ಕಲ್ಲು."

"ರೈಲು ಕಲ್ಲಾ? ನಮ್ಮ ದಾಖಲೇಲಿ ಯಾವ ರೈಲೂ ಇಲ್ವಲ್ಲಮ್ಮ."

"ಕಾಗದ್ದಲ್ಲಿ ಇಲ್ದಿದ್ರೂ ಹೊಲ್ದಲ್ಲಿ ಅದೆ ಸ್ವಾಮಿ. ಇವ್ನೇ ಹೊತ್ತದ್ದು, ಕೇಳಿ. ಬರ್ಕಳಿ. ನಾಳೆ ರೈಲ್ನೋರು ಬಂದು ಕಿತ್ಕಂಡ್ರೆ ನನ್ ತಮ್ಮಂಗೆ ಮೋಸ ಆಗ್ಬಾರ್ದು."

ಅವರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ನಾನು ಎದ್ದು, "ಅಕ್ಕ, ಟೀ ಕುಡ್ಕೊಂಡು ಬರನ ಬಾ," ಎಂದೆ.

ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಎಲ್ಲ ಹೇಳಿದೆ. ಸೋಮವಾರ, ಹಗ್ಗ, ಬೆರಳು, ಮುಚ್ಚಿದ ಗುಂಡಿ, ಆಮೇಲೆ ಬಂದ ಯಂತ್ರದವರು. ಅಕ್ಕ ಟೀ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು ಕೇಳಿದಳು, "ಅವುರ್ಗೆ ಗೊತ್ತಿತ್ತಾ?"

"ಬಾವಂಗಾ? ಇಲ್ಲ."

"ಗೊತ್ತಿಲ್ದೇ ಓಗ್ಬುಟ್ರು."

ಎದ್ದು ನಿಂತು, "ಪತ್ರ ಬ್ಯಾಡ ಅಂತ ಏಳ್ಬುಟ್ಟು ಬಾ," ಎಂದಳು. ನಾನು ಹೇಳಿ ಬರುವಷ್ಟರಲ್ಲಿ ಅವಳು ಒಬ್ಬಳೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.

ಎರಡು ವಾರ ಸುದ್ದಿಯಿಲ್ಲ. ಮೂರನೇ ಸೋಮವಾರ ಬೆಳಿಗ್ಗೆ ಬಂದು ಮನೆಯೊಳಗೆ ಕಾಲಿಡದೆ ನೇರ ಹೊಲಕ್ಕೆ ಹೋದಳು. ನಾನು ಗುದ್ದಲಿ ಹಿಡಿದು ಹಿಂದೆ ಹೋದೆ.

"ಎಲ್ಲಿಂದ ತಂದ್ಯೋ ಅಲ್ಗೇ ಹೊರು."

ಐದು ಕಲ್ಲನ್ನೂ ಕಿತ್ತು ಹೊತ್ತೆ. ಗೊಬ್ಬರದ ಮೂಟೆಗಿಂತ ಹಗುರ, ಆದರೆ ನನಗೀಗ ಅರವತ್ತು ದಾಟಿದೆ. ಅಕ್ಕ ಬದುವಿನ ಮೇಲೆ ನಿಂತು ನೋಡಿದಳು, ಕೈ ಹಾಕಲಿಲ್ಲ, ಸಾಕು ಎನ್ನಲೂ ಇಲ್ಲ. ಬಾವಿಯ ಪಕ್ಕದ ಕಲ್ಲು ನೆಟ್ಟ ಮೇಲೆ ಕಟ್ಟೆಯ ಮೇಲೆ ಕುಳಿತು ಒಳಗೆ ಬಗ್ಗಿ ನೋಡಿದಳು.

"ನೀರು ಅದೆ."

"ಅದೆ ಅಕ್ಕ."

"ಇದ ಉಳಿಸ್ಕಳಕೆ ತಾನೇ ಅಷ್ಟೆಲ್ಲ ಮಾಡ್ದೆ? ಇನ್ಮುಂದೆ ದಿನ ಬುಟ್ಟು ದಿನ ಇದು ನಂದು. ಕಾಲ್ವೆ ತೆಗಿ."

"ತೆಂಗು ಇಡನ ಅಕ್ಕ. ಸಸಿ ನಾನೇ ತತ್ತೀನಿ."

"ಈಗಿಟ್ರೆ ಯಾರ್ ಕುಡ್ದಾರು? ಅರಿಸಿನ ಹಾಕು. ವರ್ಷಕ್ಕೆ ಬರೋದು ಯಾವ್ದೋ ಅದ ಹಾಕು."

ಮಳೆ ಬಿದ್ದ ಮೇಲೆ ಅರಿಸಿನ ಹಾಕಿದೆ. ಹುಟ್ಟುವುದೆಲ್ಲ ಅಕ್ಕನದು. ಕಾಲುವೆ ನಾನೇ ತೆಗೆದೆ, ಹಳೆಯ ಕಲ್ಲಿನ ಗುಂಡಿಗಳ ಪಕ್ಕದಲ್ಲೇ ಹಾಯುತ್ತದೆ. ಸರದಿಯ ದಿನ ಕರೆಂಟು ಎಷ್ಟು ಹೊತ್ತಿಗೆ ಕೊಟ್ಟರೂ ಮೊದಲು ಅವಳ ಹೊಲಕ್ಕೆ ಮೋಟಾರು ಹಾಕುತ್ತೇನೆ. ಕ್ಷಮಿಸಿದ್ದೀನಿ ಎಂದು ಅವಳು ಹೇಳಿಲ್ಲ. ನಾನೂ ಕೇಳಿಲ್ಲ.

ಈ ಗೌರಿ ಹಬ್ಬಕ್ಕೆ ಸೀರೆ ಹಿಡಿದು ಕುದೇರಿಗೆ ಹೋದಾಗ ಬಾಗಿಲಲ್ಲೇ ನಿಂತಿದ್ದೆ. ಅಕ್ಕ ಸೀರೆ ಇಸಿದುಕೊಂಡು ಒಳಗಿಟ್ಟು, ಪಕ್ಕದ ಮನೆಯ ಹಿತ್ತಲಿಗೆ ಹೋಗಿ ಒಂದು ಎಳನೀರು ತಂದಳು. ಅವಳೇ ಮಚ್ಚಿನಲ್ಲಿ ಕೊಚ್ಚಿ ನನ್ನ ಕೈಗೆ ಕೊಟ್ಟಳು.

"ಅವುರ್ ಸಸೀದು. ಶೀತ ಗೀತ ಅನ್ಬ್ಯಾಡ, ಕುಡಿ."

ನಿಂತೇ ಕುಡಿದೆ. ಬುರುಡೆ ಬರಿದಾಗುವ ತನಕ ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅದನ್ನು ಇಸಿದುಕೊಂಡು ಕೇಳಿದಳು.

"ನೆನ್ನೆ ನಂದು ಸರದಿ. ನೀರು ಬುಟ್ಟಾ?"

"ಬುಟ್ಟೆ ಅಕ್ಕ. ಕೊನೆ ಸಾಲ್ಗಂಟ ಓಯ್ತು."

"ಊಟಕ್ಕೆ ಬಾ," ಎಂದಳು.