ಕೆಂಪು ಗೆರೆ ಎಳೆದ ಸಾಲು

ನಾಗರತ್ನಕ್ಕ, ನಿಮ್ಮ ಸೀರೆಯಂಚಿನ ಡಿಸೈನನ್ನು ಓಬುಳೇಶನೇ ಕದ್ದನೆಂದು ನೀವು ನಂಬಿದ್ದಕ್ಕೆ ಕಾರಣ ನಾನು. ಕದ್ದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ — ಆದರೆ ಅದು ಯಾರಾದರೂ ಆಗಿರಬಹುದು ಎಂಬುದು ಅಂದೇ ಗೊತ್ತಿತ್ತು.

ಹಿಂದೂಪುರದಲ್ಲಿ ಸೀರೆ ಡಿಸೈನಿಗೆ ಕಂಪ್ಯೂಟರ್ ಬಂದ ಹೊಸತು. ವ್ಯಾಪಾರಿಗಳು, ನೂಲು ತರುವವರು ಬಂದುಹೋಗುವ ನಿಮ್ಮ ಪಡಸಾಲೆಯಲ್ಲಿ ಅದನ್ನು ಕೂರಿಸಿದವನು ನಾನು. ಪಾಸ್‌ವರ್ಡ್ ಇಲ್ಲದೆ ಬ್ರಹ್ಮನೂ ತೆರೆಯಲಾರ ಎಂದು ಜಂಬ ಕೊಚ್ಚಿದವನೂ ನಾನೇ. ಆ ಪಾಸ್‌ವರ್ಡ್ ಗೊತ್ತಿದ್ದದ್ದು ನಿಮಗೆ ಮತ್ತು ನಿಮ್ಮ ಮಗ್ಗದಲ್ಲೇ ನೇಯುತ್ತಿದ್ದ ನಿಮ್ಮ ಚಿಕ್ಕಪ್ಪನ ಮಗ ಓಬುಳೇಶನಿಗೆ, ಇಬ್ಬರಿಗೇ.

ಆರು ತಿಂಗಳಿಗೆ ಡಿಸೈನ್ ಸಾಫ್ಟ್‌ವೇರ್ ಮಾಡಿದ ಕಂಪನಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ಸಾಫ್ಟ್‌ವೇರಿನ ಕುಂದುಗಳನ್ನು ಮೂರು ದರ್ಜೆ ಮಾಡಿದ್ದರು. ಮೂರನೆಯದಾದರೆ ಬಿಡುವಾದಾಗ ಸರಿಪಡಿಸಿ; ಒಂದನೆಯದಾದರೆ ಇವತ್ತೇ ಕೆಲಸ ನಿಲ್ಲಿಸಿ. ಬೇರೊಂದು ಫ್ಲಾಪಿ ಹಾಕಿದರೆ ಪಾಸ್‌ವರ್ಡ್ ಕೇಳದೆಯೇ ಡಿಸೈನು ನಕಲಾಗುತ್ತದೆ ಎಂಬ ಸಾಲು ಒಂದನೇ ದರ್ಜೆಯಲ್ಲಿತ್ತು. ಕೆಳಗೆ ಕೆಂಪು ಗೆರೆ. ಅದನ್ನು ನಿಮಗೆ ತಿಳಿಯುವಂತೆ ಓದಿ ಹೇಳುವುದು ನನ್ನ ಕೆಲಸವಾಗಿತ್ತು.

"ಕೆಂಪು ಗೆರೆ ಎಳ್ದಿದಾರಲ್ಲಪ್ಪ, ಏನದು?" ಎಂದಿರಿ.

"ಮೂರನೇ ದರ್ಜೆ ಕಣಕ್ಕ. ಏಂ ಭಯಂ ಲೇದು, ಹೆದ್ರಬ್ಯಾಡಿ. ಬಿಡುವಾದಾಗ ನೋಡಾನ."

ಜಂಬ ಕೊಚ್ಚಿದ ಬಾಯಿ — ಆಡಿದ ಮಾತನ್ನು ಹೇಗೆ ತಿರುಗಿಸಲಿ?

ಎರಡೇ ವಾರ. ನಿಮ್ಮ ಮಗ್ಗದಿಂದ ಹೊಸ ಅಂಚಿನ ಮೊದಲ ಸೀರೆ ಇಳಿಯುವ ಮುಂಚೆ ಅದೇ ಅಂಚು ಪಕ್ಕದ ಬೀದಿಯ ಮಗ್ಗದಲ್ಲಿತ್ತು. ನೀವು ಓಬುಳೇಶನ ಚೀಲ ತಡಕಿದಿರಿ, ಅವನು ಯಾರೊಡನೆ ಟೀ ಕುಡಿದನೆಂದು ವಿಚಾರಿಸಿದಿರಿ. ನನ್ನತ್ತ ತಿರುಗಿದಾಗಲೆಲ್ಲ — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು.

"ಪಾಸ್‌ವರ್ಡ್ ಇಲ್ದೆ ಯಾರಾದ್ರೂ ತಗೀಬೋದೇನಪ್ಪ?"

"ಇಲ್ಲಕ್ಕ" ಎಂದೆ.

ನೀವು ಅವನ ಕಡೆ ತಿರುಗಿದಿರಿ. "ಇನ್ಮೇಲೆ ನನ್ ಮಗ್ಗದ ಲಾಳಿ ಮುಟ್ಬ್ಯಾಡ ಕಣ್ಲಾ."

ನೇಯುವವರ ಮನೆಯಲ್ಲಿ ಹಾಗೆಂದರೆ ನಂಟು ಕಡಿದಂತೆ; ಆ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಅವನು ನನ್ನ ಮುಖ ನೋಡಿದ. ನಾನು ಕೀಬೋರ್ಡಿನ ಧೂಳು ಒರೆಸುತ್ತಿದ್ದೆ. ಅಂದೇ ಅವನು ಕಲ್ಯಾಣದುರ್ಗದ ಬಸ್ಸು ಹತ್ತಿದ. ನಿಮ್ಮ ಮಗಳ ಮದುವೆಗೂ ನೀವು ಅವನನ್ನು ಕರೆಯಲಿಲ್ಲ. ಅವನೇ ಕದ್ದಿರಬಹುದೆಂದು ನಾನೂ ಅನುಮಾನಪಡಲು ಕಲಿತೆ — ಹಾಗೆ ಅಂದುಕೊಂಡರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ನನಗೆ ನಾಚಿಕೆಯಾಗುತ್ತದೆ.

ಕಂಪನಿಯ ಆ ಕಾಗದ ಈ ಪತ್ರದ ಜೊತೆಗಿದೆ. ಬೇರೆ ಯಾರಿಂದಲಾದರೂ ಓದಿಸಿ, ನನ್ನನ್ನು ನಂಬಬೇಡಿ. ಅದರ ಇನ್ನೊಂದು ಪ್ರತಿ ಹಿಡಿದು ನಾಳೆ ಕಲ್ಯಾಣದುರ್ಗಕ್ಕೆ ಹೋಗುತ್ತೇನೆ. ಓಬುಳೇಶ ಬಾಗಿಲು ತೆರೆಯದಿದ್ದರೆ ಬೀದಿಯಲ್ಲೇ ನಿಂತು ಆ ಸಾಲು ಓದುತ್ತೇನೆ — ಒಂದನೇ ದರ್ಜೆ ಎಂದೇ, ನಾಲ್ಕು ಜನಕ್ಕೆ ಕೇಳುವಂತೆ.