ಒಣಮೀನಿನ ಡಬ್ಬದಲ್ಲಿ ಎರಡನೆಯ ಭಾಗ

ಹೆದರಲು ನನಗೆ ದೊಡ್ಡ ಕಾರಣವೇನೂ ಬೇಡ. ಕುಮಟಾದಿಂದ ಹೊನ್ನಾವರಕ್ಕೆ ಕೆಲಸಕ್ಕೆ ಹೋಗುವಾಗ ಬಸ್ಸು ಹಳದೀಪುರದಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ಸಾಕು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬಲ್ಲಿಂದ ಹೊರಟು, ಮನೆ ಸುಟ್ಟು, ಅತ್ತೆಯನ್ನು ಇಟ್ಟುಕೊಳ್ಳಲು ನಾದಿನಿ ಒಪ್ಪದೇ ಹೋಗುವಲ್ಲಿಯ ತನಕ ನನ್ನ ತಲೆ ಮುಟ್ಟಿರುತ್ತದೆ. ಬಸ್ಸು ಹೊರಟ ಮೇಲೆ ನಾದಿನಿಯ ಮೇಲಿನ ಸಿಟ್ಟೊಂದು ಉಳಿಯುತ್ತದೆ. ಇಂಥ ನಾನು ಹೋದ ಮಳೆಗಾಲದಲ್ಲಿ ಜೀವಮಾನದಲ್ಲೇ ಅತಿ ಹೆಚ್ಚು ಹೆದರಿದ್ದು ಮೂವತ್ತೆರಡು ಪುಟದ ಒಂದು ಕಾಮಿಕ್ಸ್ ಪುಸ್ತಕಕ್ಕೆ.

ನಾನು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷದ ಕೆಳಗೆ ಭಟ್ಕಳದ ಹೆಂಗಸೊಬ್ಬರು, ಹೊನ್ನಾವರದ ಮಗಳ ಮನೆಗೆ ಬಂದವರು, ಓದುವ ಕನ್ನಡಕ ಬೇಕೆಂದು ಅಂಗಡಿಗೆ ಬಂದರು. ವಯಸ್ಸು ಅರವತ್ತೈದರ ಮೇಲೆ. ನಾನು ಅಕ್ಷರದ ಕಾರ್ಡು ಹಿಡಿದರೆ ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

“ಇದು ಕಂಡು ನಂಗೆ ಎಂತ ಆಗ್ಬೇಕು? ನಾ ಓದೂದು ಇದು.” ಚೀಲದಿಂದ ಪ್ಲಾಸ್ಟಿಕ್ ಸುತ್ತಿದ ಹಳೆಯ ಕಾಮಿಕ್ಸ್ ಒಂದನ್ನು ತೆಗೆದರು. “ಈ ಬಾಯಿಂದ ಬರೂ ಗುಳ್ಳೆ ಇದ್ಯಲ್ಲ, ಅದ್ರ ಒಳಗಿಂದು ಕಾಣ್ಬೇಕು. ಅಷ್ಟು ಪವರ್ ಹಾಕಿ.”

ಮುಖಪುಟದಲ್ಲಿ ಖಾಕಿ ಚೀಲ ನೇತುಹಾಕಿಕೊಂಡು ನಕ್ಷತ್ರಗಳ ನಡುವೆ ಟಪಾಲು ಹಂಚುವ ಹೆಂಗಸು. ಹತ್ತು ವರ್ಷದವಳಿದ್ದಾಗ ನಾನು ಆಗಬೇಕೆಂದುಕೊಂಡಿದ್ದು ಅವಳೇ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಅಮ್ಮ ನನ್ನ ಕಾಮಿಕ್ಸ್ ಕಟ್ಟನ್ನೆಲ್ಲ ಕಡಲೆ ಮಾರುವವನಿಗೆ ಕೊಟ್ಟುಬಿಟ್ಟಳು. ಅದೇ ವಾರ ಆ ಟಪಾಲಿನವಳ ಮುಖವಿದ್ದ ಪೊಟ್ಟಣದಲ್ಲಿ ನಾನು ಬಿಸಿ ಕಡಲೆ ತಿಂದೆ. ಅಳಲಿಲ್ಲ, ಕಡಲೆ ಚೆನ್ನಾಗಿತ್ತು. ಆಮೇಲೆ ಮೂವತ್ತು ವರ್ಷ ಅವಳ ಸುದ್ದಿಯೇ ಇರಲಿಲ್ಲ.

ಪರೀಕ್ಷೆಯ ದಪ್ಪ ಚೌಕಟ್ಟು ಮೂಗಿನ ಮೇಲಿಟ್ಟುಕೊಂಡು ಅವರು ಗಟ್ಟಿಯಾಗಿ ಓದತೊಡಗಿದರು. ಎರಡನೆಯ ಗುಳ್ಳೆ ಅರ್ಧಕ್ಕೆ ಬಂದಾಗ ಉಳಿದ ಅರ್ಧ ನನ್ನ ಬಾಯಿಂದ ಹೊರಟಿತು. ಅವರು ಚೌಕಟ್ಟಿನ ಮೇಲಿಂದ ನನ್ನನ್ನು ನೋಡಿದರು.

“ನಿಮ್ಗೂ ಹುಚ್ಚಾ?”

ಅಂದಿನಿಂದ ತಿಂಗಳಿಗೊಂದು ಭಾನುವಾರ ನಾನು ಭಟ್ಕಳಕ್ಕೆ. ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ನಲವತ್ತೆಂಟು ತುಂಬಿದ ನನ್ನನ್ನು ಅವರು ಬೇಟಿ, ಮಗಳೇ, ಎನ್ನುತ್ತಿದ್ದರು. ಗಲ್ಫಿಗೆ ಹೋದ ತಮ್ಮಂದಿರು ಬಿಟ್ಟುಹೋದ ಟ್ರಂಕೊಂದನ್ನು ಅವರು ತಾವೇ ಹುಡುಕಿ ತರಿಸಿದ ಕಾಮಿಕ್ಸುಗಳಿಂದ ತುಂಬಿಸಿದ್ದರು. ಅವರ ಮಕ್ಕಳಿಗೂ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ. ನಾನು ಮೇಜಿನ ಮುಂದೆ ಕುಳಿತು ಓದುತ್ತಿದ್ದೆ, ಅವರು ಎದುರು ಕುಳಿತು ನಾನು ಓದುವುದನ್ನು ನೋಡುತ್ತಿದ್ದರು. ಮನೆಯಲ್ಲಿ ಮಾತ್ರ “ಕನ್ನಡಕ ಕೊಡೂಕೆ ಹೋಗ್ತೆ” ಎನ್ನುತ್ತಿದ್ದೆ. ಭಟ್ಕಳದ ಜನರ ಕಣ್ಣು ಇಷ್ಟು ಕೆಟ್ಟಿದೆಯಾ ಎಂದು ಗಂಡ ಒಮ್ಮೆ ಕೇಳಿದ್ದುಂಟು.

ಫೋನಿನಲ್ಲಿ ಹಳೆಯ ಕಾಮಿಕ್ಸ್ ಪ್ರೇಮಿಗಳ ಗುಂಪೊಂದಕ್ಕೂ ಸೇರಿದೆ. ಅಲ್ಲಿ ತಲೆ ನರೆತ ಗಂಡಸರು ಯಾವ ವರ್ಷದ ನೀಲಿ ಬಣ್ಣ ಸರಿಯಿತ್ತು ಎಂದು ದಿನವಿಡೀ ಜಗಳವಾಡುತ್ತಿದ್ದರು. ನಾನು ನನ್ನ ಮುಖದ ಬದಲು ದಾಸವಾಳದ ಫೋಟೊ ಹಾಕಿಕೊಂಡು ಬಾಯಿ ಮುಚ್ಚಿ ಓದುತ್ತಿದ್ದೆ. ಬಾಯಿ ಬಿಟ್ಟು ಮಾತಾಡಲು ಇಡೀ ಕರಾವಳಿಯಲ್ಲಿ ನನಗಿದ್ದವರು ಆಪಾ ಒಬ್ಬರೇ.

ಹೋದ ಜೂನಿನಲ್ಲಿ, ಟಪಾಲಿನವಳ ಮೂರು ಭಾಗದ ಕಥೆಯೊಂದರ ಎರಡನೆಯ ಭಾಗ ಓದುತ್ತಿರುವಾಗ ನನ್ನ ಬಸ್ಸಿನ ಹೊತ್ತಾಯಿತು. ಆಪಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕೈಗಿತ್ತರು.

“ಎರಡು ವಾರ, ಬೇಟಿ. ಇದು ಹೋದ್ರೆ ನಂಗೆ ಮತ್ತೆ ಸಿಗೂದಿಲ್ಲ.”

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ.

ಒಂದೇ ದಿನದಲ್ಲಿ ಎರಡು ಸಲ ಓದಿದೆ. ಆಮೇಲೆ ಮಳೆ ಹಿಡಿಯಿತು. ಹೆದ್ದಾರಿಯ ಪಕ್ಕದ ಗುಡ್ಡ ಸರಿಯಾಗಿ ನನ್ನ ಬಸ್ಸಿನ ಮೇಲೆಯೇ ಕುಸಿಯುತ್ತದೆಂದು ನನಗೆ ಖಾತ್ರಿಯಿತ್ತು. ಹಾಗಾಗಿ ಎರಡನೆಯ ವಾರ ಭಟ್ಕಳಕ್ಕೆ ಹೋಗಲಿಲ್ಲ, ಮೂರನೆಯ ವಾರವೂ ಹೋಗಲಿಲ್ಲ. ಅಷ್ಟರಲ್ಲಿ ಕಪಾಟಿನೊಳಗೆ ಗಂಡನ ಬೆಲ್ಟಿನ ಮೇಲೆ ಬೂಸ್ಟು ಬಂದಿತ್ತು. ಮರುದಿನ ನೋಡಿದರೆ ನನ್ನ ಹೊಲಿಗೆಯ ಪೆಟ್ಟಿಗೆಗೂ ಬಂದಿತ್ತು. ಪುಸ್ತಕ ಪ್ಲಾಸ್ಟಿಕ್ಕಿನೊಳಗೆ ಬೆವರಿದಂತೆ ಕಂಡಿತು.

ನಮ್ಮದು ಮೀನುಗಾರರ ಮನೆ. ಅತ್ತೆ ಈಗ ಮಾರಲು ಹೋಗುವುದಿಲ್ಲ. ಆದರೆ ಮೇ ತಿಂಗಳಲ್ಲಿ ಬಂಗಡೆ, ಸಿಗಡಿ ಒಣಗಿಸಿ ದೊಡ್ಡ ತಗಡಿನ ಡಬ್ಬಕ್ಕೆ ತುಂಬಿ ಮುಚ್ಚಳಕ್ಕೆ ಬಟ್ಟೆ ಬಿಗಿಯುವುದನ್ನು ಬಿಟ್ಟಿಲ್ಲ. ಬಿಸಿಲು ಕಂಡ ದಿನವಲ್ಲದೆ ಆ ಮುಚ್ಚಳ ತೆಗೆಯುವಂತಿಲ್ಲ, ಸೊಸೆಯಂತೂ ಕೇಳದೆ ತೆಗೆಯುವಂತೆಯೇ ಇಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಅತ್ಯಂತ ಒಣ ಜಾಗ ಅದು. ಬೂಸ್ಟು ಇಲ್ಲ, ಹುಳವಿಲ್ಲ, ತೇವವಿಲ್ಲ. ಅತ್ತೆ ಔಷಧಿಗೆ ಹೋದ ಮಧ್ಯಾಹ್ನ, ಬೆವರುವ ಪ್ಲಾಸ್ಟಿಕ್ ಬೇಡವೆಂದು ಪುಸ್ತಕಕ್ಕೆ ಹಳೆಯ ಪೇಪರು ಸುತ್ತಿ ಡಬ್ಬದೊಳಗಿಟ್ಟೆ. ಅಷ್ಟು ದಿನದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಊಟ ಮಾಡಿದೆ.

ಒಂಬತ್ತು ದಿನದ ಮೇಲೆ ಬಿಸಿಲು ಬಂತು. ಅತ್ತೆ ಡಬ್ಬ ತೆಗೆದವರು ಪೇಪರಿನ ಪೊಟ್ಟಣ ಎತ್ತಿ ಹಿಡಿದರು.

“ಎಂತದೆ ಇದು? ಬಂಗ್ಡೆ ಇಷ್ಟ್ ಚಪ್ಟಿ ಆದ್ದು ನಾ ಎಲ್ಲೂ ಕಂಡಿಲ್ಲ.”

“ಅಂಗಡಿ ಕಾಗದ ಪತ್ರ,” ಎಂದೆ.

“ಕಾಗ್ದ ಪತ್ರ ಉಪ್ಪಿಗೆ ಹಾಕೂಕೆ ಅಂಗ್ಡಿಲಿ ಹೇಳಿದ್ರೇನ?”

ಬಿಚ್ಚಿ ನೋಡಿದೆ. ಬೂಸ್ಟು ನಿಜವಾಗಿಯೂ ಇರಲಿಲ್ಲ. ಆದರೆ ವಾಸನೆಯಿತ್ತು, ಪುಟ ಪುಟದಲ್ಲೂ ಇತ್ತು. ಮೀನಿನಿಂದ ಪೇಪರಿಗೆ, ಪೇಪರಿನಿಂದ ಪುಸ್ತಕಕ್ಕೆ ಉಪ್ಪು ಇಳಿದಿತ್ತು. ಹೊರಗಿನ ಗಾಳಿ ತಾಗಿದ್ದೇ ಉಪ್ಪು ನೀರೆಳೆಯಿತು, ಸಂಜೆಯೊಳಗೆ ಹದಿನಾಲ್ಕು ಮತ್ತು ಹದಿನೈದನೆಯ ಪುಟಗಳು ಒಂದಕ್ಕೊಂದು ಕಚ್ಚಿಕೊಂಡವು. ಮೀನುಗಾರರ ಮನೆಯಲ್ಲಿ ಹುಟ್ಟಿ, ಮೀನುಗಾರರ ಮನೆಯನ್ನೇ ಸೇರಿದ ನನಗೆ ಉಪ್ಪಿನ ಗುಣ ಗೊತ್ತಿರಲಿಲ್ಲವೆಂದರೆ ಯಾರೂ ನಂಬಲಾರರು. ಗೊತ್ತಿತ್ತು. ಬೂಸ್ಟಿನ ಹೆದರಿಕೆಯಲ್ಲಿ ಉಪ್ಪಿಗೆ ಹೆದರಲು ಮರೆತಿದ್ದೆ.

ಫ್ಯಾನಿನ ಕೆಳಗಿಟ್ಟೆ. ಟಾಲ್ಕಮ್ ಪೌಡರ್ ಉದುರಿಸಿದೆ. ಆಗ ಅದು ಮದುವೆಗೆ ಹೊರಟ ಬಂಗಡೆಯಂತೆ ನಾರತೊಡಗಿತು. ಸೇರಿದ ಮೇಲೆ ಮೊದಲ ಬಾರಿಗೆ ಗುಂಪಿನಲ್ಲಿ ಬರೆದೆ: ಪರಿಚಯದವರೊಬ್ಬರ ಕಾಮಿಕ್ಸಿಗೆ ಒಣಮೀನಿನ ವಾಸನೆ ಹಿಡಿದಿದೆ, ಉಪಾಯವುಂಟೇ? ಹತ್ತು ನಿಮಿಷದಲ್ಲಿ ಒಬ್ಬರು ಉತ್ತರಿಸಿದರು: ಯಾವ ಮೀನು?

ಆಪಾ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದಾಗ ಫೋನನ್ನು ಅಂಗಡಿಯ ಚೌಕಟ್ಟುಗಳ ಡ್ರಾಯರಿನಲ್ಲಿಟ್ಟು ಡ್ರಾಯರು ಮುಚ್ಚಿದೆ. ಬಸ್ಸಿನಲ್ಲಿ ಕಳೆಯಿತು ಎನ್ನಬಹುದು, ಮನೆ ಸೋರಿತು ಎನ್ನಬಹುದು. ಪ್ರತಿ ಸುಳ್ಳಿನ ಕೊನೆಗೂ ಆಪಾ ಆ ದಪ್ಪ ಚೌಕಟ್ಟಿನ ಮೇಲಿಂದ ನನ್ನನ್ನು ನೋಡುತ್ತಿದ್ದರು. ಪುಸ್ತಕಕ್ಕಿಂತ ಹೆಚ್ಚಾಗಿ ನನಗಿದ್ದ ಭಯ ಆ ಮನೆಯ ಬಾಗಿಲಿನದು. ಅದು ಮುಚ್ಚಿದರೆ ನಾನು ಮತ್ತೆ ದಾಸವಾಳದ ಹಿಂದೆ ಕುಳಿತು ನೀಲಿ ಬಣ್ಣದ ಜಗಳ ಓದಬೇಕು.

ಕೊನೆಗೆ ಒಂದು ಭಾನುವಾರ ಹೊರಟೆ. “ಖಾಲಿ ಕೈಯಲ್ಲಿ ಹೋಗೂದ?” ಎಂದು ಅತ್ತೆ ಒಣಸಿಗಡಿಯ ಪೊಟ್ಟಣವೊಂದನ್ನು ಚೀಲಕ್ಕೆ ತುರುಕಿದರು. ದಾರಿಯುದ್ದಕ್ಕೂ ಗುಡ್ಡಗಳನ್ನು ನೋಡುತ್ತ ಹೋದೆ. ಒಂದಾದರೂ ಸ್ವಲ್ಪ ಕುಸಿದು ರಸ್ತೆ ಬಂದ್ ಆಗಬಾರದೇ ಎನಿಸಿತು. ಒಂದೂ ಕುಸಿಯಲಿಲ್ಲ.

ಆಪಾ ಬಾಗಿಲು ತೆಗೆದವರು ಮೂಗು ಅರಳಿಸಿದರು.

“ಅರೆ, ಸಿಗಡಿ ತಂದ್ರಾ? ಬಾಗ್ಲಿಗೇ ವಾಸ್ನೆ ಬಂತು. ಒಳ್ಳೇದಾತು.”

ಆ ಗಳಿಗೆಯಲ್ಲಿ ಅತ್ತೆ ನನ್ನನ್ನು ಕಾಪಾಡಿದ್ದರು. ವಾಸನೆಗೆ ಸಿಗಡಿ ಸಾಕ್ಷಿಯಾಗಿತ್ತು. ಪುಸ್ತಕಕ್ಕೆ ದಾರಿಯಲ್ಲಿ ಹಿಡಿಯಿತು ಎಂದರೆ ಮುಗಿಯುತ್ತಿತ್ತು. ಪೊಟ್ಟಣವನ್ನು ಅವರ ಕೈಗೆ ಕೊಟ್ಟೆ. ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಬಾಯಿ ತೆರೆದರೆ ಸುಳ್ಳಿನ ಬದಲು ತಗಡಿನ ಡಬ್ಬ, ಬೂಸ್ಟು, ಪೇಪರು, ಪೌಡರ್, ಡ್ರಾಯರಿನೊಳಗಿನ ಫೋನು ಎಲ್ಲವೂ ಒಂದೇ ಉಸಿರಿಗೆ ಹೊರಬಂದವು.

ಆಪಾ ಕನ್ನಡಕ ಹಾಕಿದರು. ನಾನೇ ಕೊಟ್ಟ ಕನ್ನಡಕ, ಪವರ್ ಸರಿಯಾಗಿಯೇ ಇತ್ತು. ಒಂದೊಂದೇ ಪುಟ ತಿರುವಿ ಹದಿನಾಲ್ಕಕ್ಕೆ ಬಂದು ನಿಂತರು.

“ಇದ್ರಾಗೆ ಎಂತ ಇತ್ತು, ನೆನಪುಂಟಾ?”

ಹೇಳಿದೆ. ಮೊದಲನೆಯ ಚೌಕದಲ್ಲಿ ಅವಳ ವಾಹನದ ಚಕ್ರ ಮುರಿದಿದೆ. ಎರಡನೆಯದರಲ್ಲಿ ಟಪಾಲಿನ ಚೀಲವನ್ನು ಬಂಡೆಯ ಸಂದಿಯಲ್ಲಿ ಅಡಗಿಸುತ್ತಾಳೆ. ಮೂರನೆಯದರಲ್ಲಿ, “ಕಾಗದ ನನಗಿಂತ ಮೊದಲು ಮುಟ್ಟಬೇಕು” ಎನ್ನುತ್ತಾಳೆ.

“ಹಂಗೆ ಹೇಳೂದಿಲ್ಲ ಅವ್ಳು. ಅಲ್ಲಿ ಸುಮ್ಮನಿದ್ದಾಳೆ.”

“ಹೇಳ್ತಾಳೆ, ಆಪಾ.”

“ನಾ ನಲವತ್ತು ವರ್ಷದಿಂದ ಓದ್ತೆ ಇದನ್ನ.”

“ನಾ ಹೋದ ತಿಂಗಳು ಓದಿದ್ದು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹಾಳು ಮಾಡಿದವಳೇ ವಾದಕ್ಕೆ ನಿಂತಿದ್ದೆ. ಆಪಾ ಎದ್ದು ಅಡುಗೆಮನೆಗೆ ಹೋದರು. ಇನ್ನು ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡು ನಾನು ಚೀಲ ಹೆಗಲಿಗೆ ಹಾಕಿದೆ. ಅವರು ಒಳಗಿಂದ ಕರೆದರು. ಒಲೆಯ ಮೇಲೆ ಕೆಟಲ್ ಇತ್ತು, ಆವಿ ಏಳುತ್ತಿತ್ತು.

“ಹಿಡೀರಿ ಆ ಕಡೆ. ನೀವೇ ಸುಳ್ಳೋ, ನಾನೇ ಸುಳ್ಳೋ, ಕಾಂಬ.”

ಇಬ್ಬರೂ ಪುಸ್ತಕವನ್ನು ಆವಿಯ ಮೇಲೆ ಹಿಡಿದೆವು, ಅವರು ಬೆಣ್ಣೆಚಾಕು ತೂರಿಸಿ ಎಳೆದರು. ನಾನು ಕಣ್ಣು ಮುಚ್ಚಿದೆ. ಕಾಗದ ಬಿಡುವ ಸದ್ದಿಗೂ ಹರಿಯುವ ಸದ್ದಿಗೂ ವ್ಯತ್ಯಾಸವೇ ತಿಳಿಯಲಿಲ್ಲ. ತೆರೆದಾಗ ಪುಟಗಳು ಬೇರೆಯಾಗಿದ್ದವು. ಮೂರನೆಯ ಚೌಕದ ಮೇಲಿನ ಮೂಲೆ ಹೋಗಿತ್ತು, ಗುಳ್ಳೆ ಇದ್ದಿರಬಹುದಾದ ಜಾಗದಲ್ಲಿ ಬರೀ ಬಿಳಿ ನಾರು. ಅವಳ ಮುಖ ಮಾತ್ರ ಉಳಿದಿತ್ತು, ಬಾಯಿ ಅರೆ ತೆರೆದಿತ್ತು.

“ಕಂಡ್ರಾ, ಬಾಯಿ ತೆರೆದಿದ್ದಾಳೆ,” ಎಂದೆ, ಸಣ್ಣ ದನಿಯಲ್ಲಿ.

“ಉಸಿರಾಡೂಕೆ.”

ಅವರು ಹರಿದ ಜಾಗವನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. ಆ ಹೊತ್ತಿನಲ್ಲಿ ಅವರು ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಪುಸ್ತಕವನ್ನು ಟ್ರಂಕಿಗೆ ಸೇರಿಸದೆ, ಉಳಿದವಕ್ಕೆ ವಾಸನೆ ಹತ್ತಬಾರದೆಂದು ಫ್ರಿಜ್ಜಿನ ಮೇಲೆ ಬಿಡಿಸಿಟ್ಟರು.

“ಇನ್ನು ಈ ಮನೆಯಿಂದ ಒಂದು ಪುಸ್ತಕ ಹೊರಗೆ ಹೋಗೂದಿಲ್ಲ.”

“ಆತು.”

“ಫೋನ್ ಎತ್ತದೆ ಇದ್ರೆ ನಿಮ್ಗೆ ಎಂತ ಆಯ್ತೋ ಅಂತ ನಂಗೆ ಹೆದ್ರಿಕೆ ಆಗೂದಿಲ್ವ?”

ಹೆದರುವುದು ನನ್ನೊಬ್ಬಳ ಕೆಲಸವೆಂದು ತಿಳಿದಿದ್ದೆ.

ಅವರು ಟ್ರಂಕು ತೆಗೆದು ಮೂರನೆಯ ಭಾಗವನ್ನು ಮೇಜಿನ ಮೇಲಿಟ್ಟರು. ನಾನು ಸಾಬೂನು ಹಾಕಿ ಎರಡು ಸಲ ಕೈ ತೊಳೆದು ಬಂದು ಕುಳಿತೆ, ಆದರೆ ಮುಟ್ಟಲು ಧೈರ್ಯ ಬರಲಿಲ್ಲ. ಅಂಗೈ ಆಗಲೇ ಬೆವರಿತ್ತು. ಆಪಾ ನನ್ನ ಕೈ ನೋಡಿದರು, ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಮುಖಪುಟ ತಾವೇ ತೆರೆದರು.

“ಓದಿ. ಮುಗಿದ್ರೆ ಹೇಳಿ, ನಾ ತಿರುಗಿಸ್ತೆ.”

ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಮೊದಲ ಪುಟ ಓದಿದೆ. ಬೇಗ ಓದಿದರೆ ನಿರ್ಲಕ್ಷ್ಯ ಎನಿಸೀತು, ನಿಧಾನವಾದರೆ ಅವರಿಗೆ ಬೇಸರವಾದೀತು. ಎರಡರ ನಡುವೆ ಎಲ್ಲೋ ಒಂದು ಕಡೆ, “ಆತು,” ಎಂದೆ. ಅವರು ಪುಟ ತಿರುಗಿಸಿದರು.